ಅಂಗಳದ ಆಶ್ ಮರಕ್ಕೆ ಬೋರರ್ ಬಿತ್ತೇ? ಪತ್ತೆ ಹಚ್ಚುವುದು, ಉಳಿಸುವುದು, ಕಡಿಸುವುದು: ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ನಮ್ಮ ಅಜ್ಜನ ಕಾಫಿ ತೋಟದಲ್ಲಿ "ಬೋರರ್ ಬಿದ್ದಿದೆ" ಅಂದರೆ ಸಾಕು, ಊಟಕ್ಕೆ ಕೂತವರ ಮಾತೂ ತಗ್ಗುತ್ತಿತ್ತು. ಅರೇಬಿಕಾ ಗಿಡವನ್ನು ಒಳಗಿನಿಂದ ತಿನ್ನುವ ಬಿಳಿ ಕಾಂಡಕೊರಕ ಅದು. ಅಜ್ಜ ಸಾಲು ಹಿಡಿದು ನಡೆಯುತ್ತಾ ಒಂದೊಂದು ಗಿಡದ ಕಾಂಡವನ್ನೂ ಅಂಗೈಯಿಂದ ಸವರುತ್ತಿದ್ದರು. ತೊಗಟೆಯ ಮೇಲೆ ಬಳೆಯಂಥ ಏಣು ಕೈಗೆ ತಾಗಿದರೆ ಗುರುತು ಹಾಕಿ ಮುಂದಕ್ಕೆ. ಹಿಂದಿನಿಂದ ಬಂದವರು ಆ ಗಿಡ ಕಿತ್ತು ಸುಡುತ್ತಿದ್ದರು. ಎಲೆ ಹಸಿರಾಗಿದ್ದರೂ, ಕಾಯಿ ಕಟ್ಟಿದ್ದರೂ. ಚಿಕ್ಕವನಾಗಿದ್ದ ನನಗೆ ಅದು ಕ್ರೌರ್ಯ ಅನ್ನಿಸುತ್ತಿತ್ತು.

ಈಗ ನಾನಿರುವುದು ಮಿನ್ನೆಸೋಟದಲ್ಲಿ. ಮನೆ ಕೊಂಡಾಗ ಅಂಗಳದಲ್ಲಿ ಎರಡು ಆಶ್ ಮರ ಇದ್ದವು, ಒಂದು ಮುಂದೆ, ಒಂದು ಹಿತ್ತಲಲ್ಲಿ. ಎರಡೂ ಹಸಿರು ಹಸಿರಾಗಿದ್ದವು. ಎಲೆ ನೋಡಿ ಸಮಾಧಾನ ಪಟ್ಟುಕೊಂಡು ಮೂರು ವರ್ಷ ಸುಮ್ಮನಿದ್ದೆ. ಅಜ್ಜನ ಹಾಗೆ ಕಾಂಡ ಸವರಬೇಕಿತ್ತು. ಆ ತಪ್ಪು ನೀವು ಮಾಡದಿರಲಿ ಎಂದು ಈ ಬರಹ. ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಅನೇಕರ ಅಂಗಳದಲ್ಲಿ ಈ ಮರ ಇದೆ. ಎಷ್ಟೋ ಜನಕ್ಕೆ ಅದು ಆಶ್ ಅಂತಲೇ ಗೊತ್ತಿಲ್ಲ.

ಮೊದಲು ಶತ್ರುವಿನ ಪರಿಚಯ

ಹೆಸರು ಎಮರಾಲ್ಡ್ ಆಶ್ ಬೋರರ್. ಬಯಲುಸೀಮೆಯಲ್ಲಿ ಬೆಳೆದವರು ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಜೀರ್ಜಿಂಬೆ ಸಾಕಿದ್ದೀರಲ್ಲ, ಇದೂ ಅದೇ ಕುಟುಂಬದ ದುಂಬಿ. ಆದರೆ ತೀರಾ ಸಣ್ಣದು. ಉದ್ದ 8.5ರಿಂದ 14 ಮಿಲಿಮೀಟರ್, ಅಂದರೆ ಬೆಂದ ಬಾಸ್ಮತಿ ಅನ್ನದ ಒಂದು ಅಗುಳಿನಷ್ಟು. ಮೈಯೆಲ್ಲ ಹೊಳೆಯುವ ಪಚ್ಚೆ ಬಣ್ಣ. ರೆಕ್ಕೆ ಎತ್ತಿದರೆ ಕೆಳಗೆ ತಾಮ್ರಗೆಂಪು.

ಇದರ ತವರು ಚೀನಾ, ಕೊರಿಯಾ, ರಷ್ಯಾದ ಪೂರ್ವ ತುದಿಯ ಕಾಡುಗಳು. ಅಲ್ಲಿನ ಆಶ್ ಮರಗಳು ಇದರ ಜೊತೆಯಲ್ಲೇ ವಿಕಾಸವಾದವು. ಸೊರಗಿದ ಮರ ಮಾತ್ರ ಇದಕ್ಕೆ ಬಲಿಯಾಗುತ್ತದೆ. ಉತ್ತರ ಅಮೆರಿಕದ ಆಶ್‌ಗಳಿಗೆ ಆ ಅಭ್ಯಾಸವೇ ಇಲ್ಲ, ಗಟ್ಟಿಮುಟ್ಟಾದ ಮರವೂ ಸಾಯುತ್ತದೆ. ಸರಕಿನ ಪೆಟ್ಟಿಗೆ, ಪ್ಯಾಲೆಟ್‌ಗಳ ಹಸಿಮರದೊಳಗೆ ಕೂತು ಹಡಗಿನಲ್ಲಿ ಬಂದಿರಬೇಕು ಎಂಬುದು ತಜ್ಞರ ಅಂದಾಜು. 2002ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಸುತ್ತ ಮತ್ತು ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ಇದನ್ನು ಗುರುತಿಸಿದರು. ಆಮೇಲೆ ಸತ್ತ ಮರಗಳ ಬೆಳವಣಿಗೆಯ ಉಂಗುರಗಳನ್ನು ಓದಿ ನೋಡಿದರೆ, 1990ರ ದಶಕದಲ್ಲೇ ಹುಳು ಬಂದು ತಳವೂರಿತ್ತು. ಗಮನಿಸಿ, ಕಾಡಿನ ಪರಿಣತರ ಕಣ್ಣಿಗೂ ಬೀಳದೆ ಅಷ್ಟು ವರ್ಷ.

ಅಲ್ಲಿಂದ 2009ಕ್ಕೆ ನಮ್ಮ ಸೇಂಟ್ ಪಾಲ್, 2013ಕ್ಕೆ ಕೊಲೊರಾಡೋದ ಬೌಲ್ಡರ್, 2022ಕ್ಕೆ ಪೆಸಿಫಿಕ್ ಕಡೆಯ ಓರೆಗನ್. ಮಧ್ಯದಲ್ಲಿ ಬೆಟ್ಟ, ಬಯಲು, ಆಶ್ ಮರವೇ ಇಲ್ಲದ ನೂರಾರು ಮೈಲಿ. ಈ ದುಂಬಿ ಸಾಮಾನ್ಯವಾಗಿ ಹುಟ್ಟಿದ ಮರದ ಆಸುಪಾಸಿನಲ್ಲೇ ಹಾರಾಡಿ ಮೊಟ್ಟೆಯಿಡುತ್ತದೆ. ದೂರದ ಪ್ರಯಾಣಕ್ಕೆ ಅದಕ್ಕೆ ಮನುಷ್ಯರೇ ಬೇಕು: ಸೌದೆ ತುಂಬಿದ ಪಿಕಪ್ ಟ್ರಕ್ಕು, ನರ್ಸರಿಯ ಸಸಿ, ದಿಮ್ಮಿ. ತಡೆಯಲು ಆಗದು ಎಂದು ಒಪ್ಪಿಕೊಂಡು ಅಮೆರಿಕದ ಕೇಂದ್ರ ಕೃಷಿ ಇಲಾಖೆ 2021ರ ಜನವರಿಯಲ್ಲಿ ಆಶ್ ದಿಮ್ಮಿ, ಸೌದೆಯ ಸಾಗಣೆಯ ಮೇಲಿದ್ದ ತನ್ನ ನಿರ್ಬಂಧವನ್ನು ತೆಗೆದೇಹಾಕಿತು. ಈಗ ಇರುವುದು ರಾಜ್ಯಗಳ ನಿಯಮ, ಮತ್ತು ನೀವು.

ಮರವನ್ನು ಕೊಲ್ಲುವುದು ದುಂಬಿಯಲ್ಲ, ಅದರ ಮರಿಹುಳು. ದುಂಬಿ ಎಲೆಯ ಅಂಚು ಕಚ್ಚಿಕೊಂಡು ಕೆಲವು ವಾರ ಬದುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಮೊಟ್ಟೆಯೊಡೆದ ಹುಳು ಒಳತೊಗಟೆಗೆ ಇಳಿದು ಹಾವಿನಂತೆ ಅತ್ತಿತ್ತ ತಿರುಗುತ್ತಾ ತಿನ್ನುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಇದೇ ಪದರದಲ್ಲಿ. ನೂರಾರು ಹುಳು ಸೇರಿ ಈ ದಾರಿಯನ್ನು ಸುತ್ತಲೂ ಕಡಿದರೆ ಮರದ ಕತ್ತು ಹಿಸುಕಿದಂತೆಯೇ.

ಹಂತ 1: ಇದು ಆಶ್ ಮರವೇ?

ನಗಬೇಡಿ. ಮನೆಬಾಗಿಲಿಗೆ ಬಂದ ಒಬ್ಬ ಮಾರಾಟದವನು ನನ್ನ ಪಕ್ಕದ ಮನೆಯವರ ಮೇಪಲ್ ಮರಕ್ಕೂ "ಬೋರರ್ ಇಂಜೆಕ್ಷನ್" ಹಾಕಿಕೊಡುತ್ತೇನೆ ಎಂದಿದ್ದ. ಈ ಹುಳಕ್ಕೆ ಮೇಪಲ್ ಬೇಡ.

ಗುರುತು ಸುಲಭ. ಆಶ್‌ನ ಒಂದು ಎಲೆ ಅಂದರೆ ಕರಿಬೇವಿನ ಎಸಳಿನಂತೆ ಒಂದೇ ಕಡ್ಡಿಗೆ 5ರಿಂದ 11 ಕಿರುಎಲೆ, ಆದರೆ ಎಲೆ ದೊಡ್ಡದು, ಜೋಡಿಜೋಡಿ, ತುದಿಯಲ್ಲಿ ಒಂಟಿ. ಇಷ್ಟಕ್ಕೇ ನಂಬಬೇಡಿ, ವಾಲ್ನಟ್ ಎಲೆಯೂ ಹೀಗೇ ಕಾಣುತ್ತದೆ. ಕೊಂಬೆ ನೋಡಿ. ಆಶ್‌ನಲ್ಲಿ ರೆಂಬೆಗಳು ಎದುರುಬದುರು ಒಡೆಯುತ್ತವೆ, ಎರಡೂ ಕೈ ಚಾಚಿ ನಿಂತವರ ಹಾಗೆ. ವಾಲ್ನಟ್, ಹಿಕರಿಗಳಲ್ಲಿ ಒಂದು ಈ ಕಡೆ, ಮೇಲೆ ಇನ್ನೊಂದು ಆ ಕಡೆ. ದೊಡ್ಡ ಮರದ ತೊಗಟೆಯಲ್ಲಿ ವಜ್ರಾಕಾರದ ಬಲೆ ಹೆಣೆದಂಥ ಗೀರುಗಳಿರುತ್ತವೆ. ಕೆಂಪು ಹಣ್ಣಿನ ಗೊಂಚಲು ಬಿಡುವ ಮೌಂಟನ್ ಆಶ್ ಹೆಸರಿಗಷ್ಟೇ ಆಶ್, ಅದಕ್ಕೆ ಈ ಭಯವಿಲ್ಲ. ಬಾಕ್ಸ್ಎಲ್ಡರ್ ಒಂದು ಮಾತ್ರ ಎದುರುಬದುರು ರೆಂಬೆಯಿಂದ ಮೋಸ ಮಾಡುತ್ತದೆ; ಅದರಲ್ಲಿ ಕಿರುಎಲೆ ಸಾಮಾನ್ಯವಾಗಿ 3ರಿಂದ 5, ಅಂಚು ಒರಟು.

ಜೊತೆಗೆ ಮರ ಯಾರದು ಎಂದೂ ನೋಡಿಕೊಳ್ಳಿ. ಫುಟ್‌ಪಾತಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿದ್ದರೆ ಎಷ್ಟೋ ಕಡೆ ಅದು ನಗರದ ಸ್ವತ್ತು. ಕೇಳದೆ ಮುಟ್ಟುವಂತಿಲ್ಲ.

ಹಂತ 2: ಚಳಿಗಾಲದಲ್ಲಿ ನೋಡಿ, ಬೇಸಿಗೆಯಲ್ಲಲ್ಲ

ಎಲ್ಲರೂ ತಪ್ಪುವುದು ಇಲ್ಲಿ. ಹುಳು ಮೊದಲು ಬೀಳುವುದು ಮರದ ಮೇಲ್ಭಾಗದ ಕೊಂಬೆಗಳಿಗೆ. ಕಣ್ಣೆತ್ತರದಲ್ಲಿ ರಂಧ್ರ ಕಾಣುವ ಹೊತ್ತಿಗೆ ಮೂರ್ನಾಲ್ಕು ವರ್ಷ ಆಗಿರುತ್ತದೆ. ಮೇಲೇನಾಗಿದೆ ಎಂದು ಬೇಸಿಗೆಯಲ್ಲಿ ಎಲೆ ಕಾಣಗೊಡುವುದಿಲ್ಲ.

ಜನವರಿ, ಫೆಬ್ರುವರಿಯ ಬಿಸಿಲಿನ ದಿನ ದುರ್ಬೀನು ಹಿಡಿದು ಮರದ ಸುತ್ತ ಒಂದು ಸುತ್ತು ಬನ್ನಿ. ಹುಡುಕಬೇಕಾದ್ದು ಹುಳುವನ್ನಲ್ಲ, ಮರಕುಟಿಗವನ್ನು. ಒಳಗಿನ ಹುಳಕ್ಕಾಗಿ ಅದು ಹೊರತೊಗಟೆಯ ಬೂದು ಚಕ್ಕೆಗಳನ್ನು ಕೆತ್ತಿ ಉದುರಿಸುತ್ತದೆ. ಕೆತ್ತಿದ ಜಾಗ ಹೊಂಬಣ್ಣಕ್ಕೆ ತಿರುಗಿ, ಬೂದು ಮರದಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. ಮರದ ಬುಡದ ಹಿಮದ ಮೇಲೆ ತೊಗಟೆಯ ಚೂರು ಬಿದ್ದಿದ್ದರೆ ಇನ್ನೂ ಸ್ಪಷ್ಟ. ನನಗೆ ಸುಳಿವು ಕೊಟ್ಟಿದ್ದೂ ಹಕ್ಕಿಯೇ. ಬೆಳಗಿನ ಕಾಫಿ ಹೊತ್ತಿಗೆ ಹಿತ್ತಲಿನಿಂದ ಟಕಟಕ ಸದ್ದು ವಾರಗಟ್ಟಲೆ ಕೇಳುತ್ತಿತ್ತು. ಏನು ಚೆಂದ ಅಂದುಕೊಂಡಿದ್ದೆ.

ಮಿಕ್ಕ ಲಕ್ಷಣಗಳು: ನೆತ್ತಿಯಿಂದ ಎಲೆ ತೆಳುವಾಗುವುದು, ತೊಗಟೆಯಲ್ಲಿ ಉದ್ದುದ್ದ ಸೀಳು, ಬುಡದಲ್ಲೋ ಕಾಂಡದಲ್ಲೋ ಇದ್ದಕ್ಕಿದ್ದಂತೆ ಗುಂಪು ಚಿಗುರು. ಸಾಯುವ ಮರ ಕೊನೆಯ ಪ್ರಯತ್ನ ಮಾಡುವುದು ಹೀಗೆ. ಮತ್ತು ದುಂಬಿ ಹೊರಬಂದ ರಂಧ್ರ. ಇದರ ಆಕಾರವೇ ಸಾಕ್ಷಿ: ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡು, ಇಂಗ್ಲಿಷಿನ 'ಡಿ' ಅಕ್ಷರದಂತೆ. ಅಳತೆ ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಚಿಕ್ಕದು. ಪೂರ್ತಿ ದುಂಡಗಿದ್ದರೆ ಅದು ಇಲ್ಲಿನದೇ ಬೇರೆ ಹುಳ. ಸಾಮಾನ್ಯವಾಗಿ ಮೊದಲೇ ಸೊರಗಿದ ಮರಕ್ಕೆ ಬರುವಂಥದು.

"ಮೈನಸ್ ಮೂವತ್ತು ಚಳಿಗೆ ಸಾಯೋದಿಲ್ವಾ?" ಎಂದು ಕೇಳದವರಿಲ್ಲ. ಒಂದಷ್ಟು ಸಾಯುತ್ತವೆ. ಆದರೆ ತೊಗಟೆಯ ಮರೆ ಇದೆ, ಹುಳದ ಮೈಯಲ್ಲಿ ಹೆಪ್ಪುಗಟ್ಟದಂತೆ ಕಾಯುವ ಗ್ಲಿಸರಾಲ್ ಇದೆ. ಉಳಿದವು ಮುಂದಿನ ಬೇಸಿಗೆಗೆ ಸಾಕು.

ಹಂತ 3: ಅನುಮಾನವಿದ್ದರೆ ಕೊಂಬೆ ಸುಲಿಯಿರಿ

ಇದು ಕೆನಡಾದ ಅರಣ್ಯ ಇಲಾಖೆಯ ವಿಜ್ಞಾನಿಗಳು ರೂಪಿಸಿದ ವಿಧಾನ. ಹೊರಗೆ ಏನೂ ಕಾಣದ ಮರದಲ್ಲೂ ಹುಳ ಪತ್ತೆ ಮಾಡಲು ಇದರಷ್ಟು ನಂಬಿಕೆಯದು ಮನೆಯವರ ಕೈಗೆ ಸಿಗುವುದಿಲ್ಲ. ಮರದ ನಡುಭಾಗದಿಂದ ಎರಡು ಜೀವಂತ ಕೊಂಬೆ ಬೇಕು, ಬುಡದಲ್ಲಿ 5ರಿಂದ 8 ಸೆಂಟಿಮೀಟರ್ ದಪ್ಪದವು. ಏಣಿ ಹತ್ತಿ ಗರಗಸ ಹಿಡಿಯುವ ಸಾಹಸ ಬೇಡ, ಮರ ಸವರುವವರು ಬಂದಾಗ ಕೇಳಿ ಇಳಿಸಿಕೊಳ್ಳಿ. ಕಾಲ ಶರತ್ಕಾಲದಿಂದ ವಸಂತದೊಳಗೆ.

ಪ್ರತಿ ಕೊಂಬೆಯ ಬುಡದ ಕಡೆಯ 50 ಸೆಂಟಿಮೀಟರ್ ಭಾಗದ ತೊಗಟೆಯನ್ನು ಚೂರಿಯಿಂದ ತೆಳುವಾಗಿ, ಪದರ ಪದರವಾಗಿ ಎಬ್ಬಿಸಿ. ಅವಸರ ಮಾಡಿ ಒಂದೇ ಏಟಿಗೆ ಕಿತ್ತರೆ ಸುಳಿವೂ ಜೊತೆಗೇ ಹೋಗುತ್ತದೆ.

ನಾನು ಗ್ಯಾರೇಜಿನ ನೆಲದ ಮೇಲೆ ಹಳೆ ಪೇಪರ್ ಹಾಸಿಕೊಂಡು ಕೂತೆ. ಮುಂದಿನ ಮರದ ಕೊಂಬೆ ಶುಭ್ರವಾಗಿತ್ತು, ಒದ್ದೆ ಹಲಸಿನ ಸೊಳೆಯ ಬಣ್ಣ. ಹಿತ್ತಲಿನದರಲ್ಲಿ ಎರಡನೇ ಪದರಕ್ಕೇ ಕಂದು ಗೆರೆಯೊಂದು ಸಿಕ್ಕಿತು. ದಾರದಷ್ಟು ಸಣ್ಣಗೆ ಶುರುವಾಗಿ, ತಿರುವು ತಿರುವಿಗೂ ಅಗಲವಾಗುತ್ತಾ, ಆಗುಂಬೆ ಘಾಟಿಯ ರಸ್ತೆಯಂತೆ ಹೋಗಿತ್ತು. ದಾರಿ ತುಂಬ ಹುಳದ ಹಿಕ್ಕೆ ಬೆರೆತ ನುಣ್ಣನೆಯ ಹೊಟ್ಟು, ಬೆರಳಿಗೆ ಹತ್ತಿದರೆ ಗಂಧದ ಪುಡಿ ಹತ್ತಿದ ಹಾಗೆ. ಕೊನೆಯಲ್ಲಿ ಕೆನೆಬಣ್ಣದ ಹುಳ, ಚಪ್ಪಟೆ, ಗಂಟೆಗಳನ್ನು ಒಂದರೊಳಗೊಂದು ಪೋಣಿಸಿದಂಥ ಮೈ. ಹೊರಗೆ ಮೈನಸ್ ಹದಿನೆಂಟು. ಗ್ಯಾರೇಜಿನ ಹೀಟರಿಗೆ ಅರ್ಧ ಗಂಟೆಯಲ್ಲಿ ಮಿಸುಕಾಡಿತು.

ನಿಮ್ಮ ಕೌಂಟಿಯಲ್ಲಿ ಈ ಹುಳ ಇನ್ನೂ ದಾಖಲಾಗಿಲ್ಲದಿದ್ದರೆ ಅದನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆಯಿರಿ, ರಾಜ್ಯದ ಕೃಷಿ ಇಲಾಖೆಗೆ ತಿಳಿಸಿ.

ಹಂತ 4: ಉಳಿಸುವುದೋ, ಕಡಿಸುವುದೋ?

ಮೂರನೇ ದಾರಿ ಒಂದಿದೆ, ಸುಮ್ಮನಿರುವುದು. ಅದೇ ಎಲ್ಲಕ್ಕಿಂತ ದುಬಾರಿ. ಸತ್ತ ಆಶ್ ಮರ ಬೇಗನೆ ಒಣಗಿ ಹಪ್ಪಳದಂತೆ ಮುರಿಯುತ್ತದೆ. ಅಂಥ ಮರ ಹತ್ತಲು ಕೆಲಸದವರು ಒಪ್ಪುವುದಿಲ್ಲ. ಕ್ರೇನ್ ತರಿಸಬೇಕು, ಬಿಲ್ಲು ಏರುತ್ತದೆ. ಬೀಳುವ ಕೊಂಬೆಯ ಕೆಳಗೆ ನಿಮ್ಮ ಕಾರೋ, ಪಕ್ಕದವರ ಬೇಲಿಯೋ, ಆಡುವ ಮಗುವೋ ಇರಬಹುದು.

ಲೆಕ್ಕ ಹೀಗೆ. ಜುಲೈನಲ್ಲಿ ಎಲೆ ತುಂಬಿರುವಾಗ ಮರದ ನಾಲ್ಕೂ ಕಡೆ ನಿಂತು ನೋಡಿ, ತುಂಬಿದ ಕೊಡೆಯಲ್ಲಿ ಎಷ್ಟು ಭಾಗ ಬೋಳಾಗಿದೆ ಎಂದು ಅಂದಾಜು ಮಾಡಿ. 30 ಪ್ರತಿಶತದೊಳಗಿದ್ದರೆ ಚಿಕಿತ್ಸೆಗೆ ಫಲ ಸಿಗುತ್ತದೆ. 50 ದಾಟಿದ್ದರೆ ದುಡ್ಡು ಹಾಕಬೇಡಿ: ಔಷಧಿಯನ್ನು ಮೇಲಕ್ಕೆ ಒಯ್ಯಬೇಕಾದ ನಾಳಗಳೇ ಹಾಳಾಗಿರುತ್ತವೆ. ನಡುವಿನದು ಜೂಜು. ಲಕ್ಷಣವೇ ಇಲ್ಲದ ಮರ, ಆದರೆ 10ರಿಂದ 15 ಮೈಲಿಯೊಳಗೆ ಹುಳ ದಾಖಲಾಗಿದೆ ಎಂದರೆ ಚಿಕಿತ್ಸೆ ಶುರು ಮಾಡುವ ಸರಿಯಾದ ಹೊತ್ತು ಅದೇ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಆಶ್ ಮರವನ್ನೂ ಉಳಿಸಲು ಹೋಗಬೇಡಿ. ಮನೆಗೆ ಪಡುವಣ ಬಿಸಿಲು ತಡೆಯುವ, ಆರೋಗ್ಯವಾದ, ಚೆನ್ನಾಗಿ ಕೊಂಬೆ ಹರಡಿದ ಮರ ಇದ್ದರೆ ಅದನ್ನು ಆರಿಸಿ. ವಿದ್ಯುತ್ ತಂತಿಯ ಕೆಳಗಿನದು, ಕವಲಿನಲ್ಲಿ ಸೀಳಿದ್ದು ಇವನ್ನು ಹಸಿರಾಗಿರುವಾಗಲೇ ಬಿಟ್ಟುಕೊಡಿ. ನಾನು ಮುಂದಿನದನ್ನು ಉಳಿಸಿಕೊಂಡೆ, ಹಿತ್ತಲಿನದನ್ನು ಕಡಿಸಿದೆ.

ಹಂತ 5: ಔಷಧಿ

ಮೊದಲು ಮರದ ಅಳತೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ, ಬಂದ ಇಂಚನ್ನು 3.14ರಿಂದ ಭಾಗಿಸಿ. 60 ಇಂಚು ಸುತ್ತಳತೆ ಅಂದರೆ 19 ಇಂಚು ವ್ಯಾಸ. ಎಲ್ಲರೂ ದರ ಹೇಳುವುದು ವ್ಯಾಸದ ಇಂಚಿನ ಮೇಲೆ.

ಸದ್ಯ ಅತ್ಯಂತ ಪರಿಣಾಮಕಾರಿ ಎಂದರೆ ಎಮಾಮೆಕ್ಟಿನ್ ಬೆಂಜೊಯೇಟ್. ಪರವಾನಗಿಯಿರುವ ತಜ್ಞರು ಕಾಂಡದ ಬುಡದಲ್ಲಿ ಸಣ್ಣ ತೂತು ಕೊರೆದು ಒತ್ತಡದಿಂದ ಒಳಕ್ಕೆ ಹಾಕುತ್ತಾರೆ. ಒಮ್ಮೆ ಹಾಕಿದರೆ ಎರಡು ವರ್ಷ ಕಾಯುತ್ತದೆ. ಒಳ್ಳೆಯ ಸಮಯ ಎಲೆ ಪೂರ್ತಿ ಬಂದ ಮೇಲೆ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಬ್ಲ್ಯಾಕ್ ಲೋಕಸ್ಟ್ ಮರ ಹೂಬಿಡುವ ಆಸುಪಾಸಿಗೆ ದುಂಬಿಗಳೂ ಹೊರಬರಲು ಶುರುಮಾಡುತ್ತವೆ. ನೆಲ ಒಣಗಿದ್ದರೆ ಹಿಂದಿನ ದಿನ ನೀರು ಬಿಡಿ, ಔಷಧಿ ಬೇಗ ಏರುತ್ತದೆ.

ಅಂಗಡಿಯಲ್ಲಿ ಸಿಗುವ, ಬಕೆಟ್‌ನಲ್ಲಿ ಕಲಸಿ ಬುಡಕ್ಕೆ ಹೊಯ್ಯುವ ಔಷಧಿಯಲ್ಲಿ ಇರುವುದು ಹೆಚ್ಚಾಗಿ ಇಮಿಡಾಕ್ಲೋಪ್ರಿಡ್. ಅಗ್ಗ, ಆದರೆ ಪ್ರತಿವರ್ಷ ಹಾಕಬೇಕು, ದೊಡ್ಡ ಮರಕ್ಕೆ ಸಾಲುವುದಿಲ್ಲ. ನಮ್ಮವರಿಗೆ ಮುಖ್ಯವಾದ ಎಚ್ಚರಿಕೆ ಬೇರೆ ಇದೆ. ಈ ಔಷಧಿಯನ್ನು ಮಣ್ಣಿನಲ್ಲಿರುವ ಯಾವ ಬೇರಾದರೂ ಹೀರುತ್ತದೆ. ಮರದ ಬುಡದ ಸುತ್ತ ಮೆಂತ್ಯ, ಹರಿವೆ, ಬದನೆ ಪಾತಿ ಮಾಡಿಕೊಂಡಿದ್ದರೆ ಈ ವಿಧಾನದ ಹತ್ತಿರ ಸುಳಿಯಬೇಡಿ. ಜೇನ್ನೊಣ ಬರುವ ಹೂಗಿಡ ಇದ್ದರೂ ಬೇಡ, ಕೆರೆ ತೊರೆಯ ಪಕ್ಕವಿದ್ದರೂ ಬೇಡ. ಈ ಗುಂಪಿನ ಔಷಧಿಗಳ ಮೇಲೆ ಕೆಲವು ರಾಜ್ಯಗಳಲ್ಲಿ ನಿರ್ಬಂಧವೂ ಇದೆ, ಡಬ್ಬಿಯ ಮೇಲಿನ ಚೀಟಿ ಓದಿ.

ಕೆನಡಾದಲ್ಲಿರುವವರಿಗೆ ಟ್ರೀಅಜಿನ್ ಎಂಬ ಹೆಸರಿನ ಚುಚ್ಚುಮದ್ದು ಪರಿಚಯವಿರಬಹುದು. ಅದರೊಳಗಿರುವುದು ಅಜಾಡಿರಾಕ್ಟಿನ್, ಬೇವಿನ ಬೀಜದ ಸತ್ವ! ಹುಳದ ಪೊರೆ ಕಳಚುವ ಕ್ರಿಯೆಯನ್ನೇ ಕೆಡಿಸುತ್ತದೆ. ಹಾಗಂತ ಇಂಡಿಯನ್ ಸ್ಟೋರಿನಿಂದ ಬೇವಿನ ಎಣ್ಣೆ ತಂದು ಕಾಂಡಕ್ಕೆ ಸವರಿದರೆ ಏನೂ ಆಗದು. ಹುಳ ಇರುವುದು ತೊಗಟೆಯ ಒಳಗೆ.

ಕೆಲಸ ಕೊಡುವ ಮೊದಲು ಐಎಸ್ಎ (ಮರತಜ್ಞರ ಅಂತರರಾಷ್ಟ್ರೀಯ ಸಂಘ) ಪ್ರಮಾಣಪತ್ರವಿರುವ ಅರ್ಬರಿಸ್ಟ್, ಅಂದರೆ ಮರತಜ್ಞ, ಹೌದೇ, ವಿಮೆ ಇದೆಯೇ, ಯಾವ ಔಷಧಿ, ಎಷ್ಟು ಪ್ರಮಾಣ ಎಂದು ಬರೆಸಿಕೊಳ್ಳಿ. ಒಂದೇ ಅಲ್ಲ, ಮೂರು ಕಡೆ ಕೇಳಿ. ಕೇರಿಯವರು ನಾಲ್ಕೈದು ಮನೆ ಸೇರಿ ಕರೆಸಿದರೆ ದರದಲ್ಲಿ ಇಳಿಸಿಕೊಡುವವರಿದ್ದಾರೆ. ಚೌಕಾಸಿ ನಮಗೆ ಹೇಳಿಕೊಡಬೇಕೇ.

ಹಂತ 6: ಕಡಿಸುವುದಾದರೆ

ಚಳಿಗಾಲದಲ್ಲಿ ಕಡಿಸಿ. ದುಂಬಿ ಹಾರಾಡುವುದಿಲ್ಲ, ಹೆಪ್ಪುಗಟ್ಟಿದ ನೆಲದ ಮೇಲೆ ಯಂತ್ರ ಬಂದರೂ ಹುಲ್ಲುಹಾಸು ಕೆಡುವುದಿಲ್ಲ. ಮೇ ತಿಂಗಳಿನಲ್ಲಿ ಕಡಿದು ದಿಮ್ಮಿಯನ್ನು ಬೇರೆ ಊರಿಗೆ ಸಾಗಿಸಿದರೆ ಹುಳಕ್ಕೆ ನೀವೇ ಟಿಕೆಟ್ ಕೊಡಿಸಿದಂತೆ. ರೆಂಬೆಕೊಂಬೆಯನ್ನು ಚಿಪ್ಪರ್‌ಗೆ ಹಾಕಿ ಒಂದಿಂಚಿಗಿಂತ ಸಣ್ಣ ಚೂರು ಮಾಡಿಸಿ, ಹುಳ ಉಳಿಯುವುದಿಲ್ಲ. ಆ ಚೂರನ್ನು ಅಂಗಳದಲ್ಲೇ ಹರಡಬಹುದು.

ಸೌದೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಗಡಸು. ಕಡಿದ ಮರದೊಳಗಿನ ಹುಳ ಸಾಯುವುದಿಲ್ಲ. ಮುಂದಿನ ಬೇಸಿಗೆಗೆ, ಕೆಲವೊಮ್ಮೆ ಅದರ ಮುಂದಿನದಕ್ಕೂ, ದುಂಬಿಯಾಗಿ ಹೊರಬರುತ್ತದೆ. ಆಶ್ ಹಸಿಯಾಗಿದ್ದರೂ ಉರಿಯುವ ಒಳ್ಳೆಯ ಸೌದೆ, ಹಾಗಾಗಿಯೇ ಕ್ಯಾಂಪಿಂಗ್‌ಗೆ ಹೋಗುವವರು ಕಾರಿನ ಡಿಕ್ಕಿಗೆ ತುಂಬುತ್ತಾರೆ. ಯುಗಾದಿ ಪಿಕ್ನಿಕ್ಕಿಗೋ, ಬೇಸಿಗೆಯ ಕ್ಯಾಬಿನ್ನಿಗೋ ಮನೆಯಿಂದ ಒಂದು ಕಟ್ಟು ಸೌದೆ ಒಯ್ಯಬೇಡಿ. ಹೋದ ಊರಿನಲ್ಲೇ ಕೊಳ್ಳಿ, ಅಲ್ಲೇ ಸುಟ್ಟು ಬನ್ನಿ. ಒಯ್ಯಲೇಬೇಕಾದರೆ ಶಾಖ ಕೊಟ್ಟು ಸಂಸ್ಕರಿಸಿದ ಮುದ್ರೆಯಿರುವ ಕಟ್ಟು ಸಿಗುತ್ತದೆ.

ಕಾಡಿನಲ್ಲಿ?

ಅಂಗಳದ ಒಂದು ಮರಕ್ಕೆ ಇಂಜೆಕ್ಷನ್ ಹಾಕಿಸಬಹುದು. ಕಾಡಿಗೆ ಆಗದು. ಉತ್ತರ ಮಿನ್ನೆಸೋಟದ ಜೌಗು ನೆಲದಲ್ಲಿ ಬ್ಲ್ಯಾಕ್ ಆಶ್‌ನದೇ ಕಾಡುಗಳಿವೆ. ನೆಲದ ನೀರನ್ನು ಹೀರಿ ಮೇಲೆತ್ತುವುದು ಆ ಮರಗಳೇ. ಅವು ಸತ್ತರೆ ನೀರು ಮೇಲೇರಿ ಕಾಡು ಆಪು ಹುಲ್ಲಿನ ಜೌಗಾಗುತ್ತದೆ. ಇದೇ ಮರದ ದಿಮ್ಮಿಯನ್ನು ಬಡಿದು ಬಡಿದು, ವರ್ಷದ ಉಂಗುರಗಳನ್ನು ಪಟ್ಟಿಯಾಗಿ ಬಿಡಿಸಿ ಅನಿಷಿನಾಬೆ, ಮೋಹಾಕ್ ಮುಂತಾದ ಮೂಲನಿವಾಸಿಗಳು ಬುಟ್ಟಿ ಹೆಣೆಯುತ್ತಾರೆ. ಮೇದಾರರ ಕೈಯಿಂದ ಬಿದಿರನ್ನೇ ಕಿತ್ತುಕೊಂಡರೆ ಹೇಗೆ, ಹಾಗೆ ಇದು.

ಕಾಡಿಗೆ ನಂಬಿಕೆಯಿಟ್ಟಿರುವುದು ಕಣಜಗಳ ಮೇಲೆ. ಹುಳದ ತವರಿನಿಂದಲೇ ತಂದ, ಮನುಷ್ಯರಿಗೆ ಕಚ್ಚದ ಪುಟ್ಟ ಪರಾವಲಂಬಿ ಕಣಜಗಳನ್ನು ಅಮೆರಿಕ 2007ರಿಂದ ಕಾಡಿಗೆ ಬಿಡುತ್ತಿದೆ. ಕೆಲವು ಮೊಟ್ಟೆಯೊಳಗೆ, ಕೆಲವು ಮರಿಹುಳದ ಮೈಮೇಲೆ ಸಂಸಾರ ಹೂಡುತ್ತವೆ. ಎಳೆ ಮರಗಳಲ್ಲಿ ಇವು ಹುಳವನ್ನು ತಗ್ಗಿಸುತ್ತಿವೆ. ದೊಡ್ಡ ಮರದ ದಪ್ಪ ತೊಗಟೆಯನ್ನು ದಾಟುವುದು ಇವುಗಳಲ್ಲಿ ಕೆಲವಕ್ಕೆ ಸಾಧ್ಯವಿಲ್ಲ. ಸುತ್ತಲಿನದೆಲ್ಲ ಸತ್ತರೂ ಉಳಿದ ಒಂಟಿ ಆಶ್ ಮರ ನಿಮ್ಮ ಜಾಗದಲ್ಲಿದ್ದರೆ ಕಡಿಯಬೇಡಿ. ಓಹಾಯೊದ ಡೆಲವೇರ್‌ನಲ್ಲಿರುವ ಅರಣ್ಯ ಸೇವೆಯ ವಿಜ್ಞಾನಿಗಳು ಇಂಥ ಮರಗಳಿಂದಲೇ ತಡೆದುಕೊಳ್ಳುವ ತಳಿ ಬೆಳೆಸಲು ನೋಡುತ್ತಿದ್ದಾರೆ.

ಹಂತ 7: ಖಾಲಿ ಜಾಗಕ್ಕೆ ಏನು ನೆಡುವುದು

ಈ ಊರುಗಳಲ್ಲಿ ಇಷ್ಟೊಂದು ಆಶ್ ಬಂದದ್ದೇ ಹಿಂದೆ ಡಚ್ ಎಲ್ಮ್ ರೋಗಕ್ಕೆ ಎಲ್ಮ್ ಸಾಲುಗಳು ಸತ್ತಾಗ. ಒಂದು ಹೋಯಿತೆಂದು ಅದರ ಜಾಗಕ್ಕೆ ಮತ್ತೊಂದನ್ನೇ ಬೀದಿಯುದ್ದ ನೆಟ್ಟರು. ಅಮೆರಿಕದ ರಾಷ್ಟ್ರೀಯ ಸಸ್ಯತೋಟದ ಫ್ರಾಂಕ್ ಸ್ಯಾಂಟಮೂರ್ 1990ರಲ್ಲೇ ಒಂದು ಸೂತ್ರ ಹೇಳಿದ್ದರು: ಊರಿನ ಮರಗಳಲ್ಲಿ ಒಂದೇ ಪ್ರಭೇದ 10, ಒಂದೇ ಕುಲ 20, ಒಂದೇ ಕುಟುಂಬ 30 ಪ್ರತಿಶತ ಮೀರಬಾರದು. ಹಾಗಾಗಿ ನರ್ಸರಿಗೆ ಹೋಗುವ ಮುಂಚೆ ಬೀದಿಯಲ್ಲೊಮ್ಮೆ ಅಡ್ಡಾಡಿ. ನಮ್ಮ ಬೀದಿಯಲ್ಲಿ ಎಲ್ಲ ಮೇಪಲ್. ಮತ್ತೆ ಮೇಪಲ್ ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಹ್ಯಾಕ್‌ಬೆರಿ, ಬರ್ ಓಕ್, ಹನಿ ಲೋಕಸ್ಟ್ ಇವು ಈ ಚಳಿ ತಡೆಯುತ್ತವೆ. ನಾನು ನೆಟ್ಟದ್ದು ಕೆಂಟಕಿ ಕಾಫಿ ಮರ. ಕಾಫಿಗೂ ಅದಕ್ಕೂ ಸಂಬಂಧವಿಲ್ಲ, ಹಸಿ ಬೀಜ ವಿಷ. ಆದರೂ ಮೂಡಿಗೆರೆಗೆ ಫೋನ್ ಮಾಡಿ "ಇಲ್ಲೂ ಕಾಫಿ ಹಾಕಿದೀನಿ" ಅಂದೆ.

ಸಸಿಯ ಗುಂಡಿ ಅಗಲವಿರಲಿ, ಆಳ ಬೇಡ. ಕಾಂಡ ಬೇರಾಗಿ ಹರಡುವ ಜಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು. ಮರದ ಚೂರನ್ನು ಬುಡಕ್ಕೆ ಒತ್ತಿ ಗುಡ್ಡೆ ಹಾಕಬೇಡಿ, ಸುತ್ತ ಬಳೆಯಂತೆ ಹರಡಿ, ಕಾಂಡಕ್ಕೆ ಒಂದು ಗೇಣು ಬಿಡಿ. ಮೊದಲ ಎರಡು ಮೂರು ಬೇಸಿಗೆ ಮಳೆಯಿಲ್ಲದ ವಾರ ಎರಡು ದೊಡ್ಡ ಬಕೆಟ್ ನೀರು, ನಿಧಾನವಾಗಿ. ಮೊಲ ಬರುವ ಕಡೆಯಾದರೆ ಹಿಮ ಬೀಳುವ ಮುನ್ನ ಕಾಂಡಕ್ಕೆ ತಂತಿಬಲೆ ಸುತ್ತಿ. ನಮ್ಮದನ್ನು ಮೊದಲ ನವೆಂಬರಿನಲ್ಲೇ ಒಂದು ಮೊಲ ರುಚಿ ನೋಡಿಯಾಗಿತ್ತು.